ಶ್ರೀರಂಗಮ್ಮನವರು ಲೊಚಗುಟ್ಟಿದ್ದು

ಹೊಳೆನರಸೀಪುರದಲ್ಲಿ ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು, ತೊಂಬತ್ತೈದನೇ ಇಸವಿಯಲ್ಲಿ ನಿವೃತ್ತರಾದ ಶ್ರೀರಂಗಮ್ಮನವರ ಬಾಯಿಗೆ ಊರಿನಲ್ಲಿ ಒಂದು ಗೌರವವಿತ್ತು. ಆ ಬಾಯಿಂದ ಬೇಡದ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಗ್ರಹಣ ಹಿಡಿದ ಹೊತ್ತಿನಲ್ಲೇ ಮಕ್ಕಳನ್ನು ಮೈದಾನದಲ್ಲಿ ಕೂರಿಸಿ ಚುರುಮುರಿ ತಿನ್ನಿಸಿದವರು ಅವರು. ದಾರಿಗೆ ಬೆಕ್ಕು ಅಡ್ಡ ಬಂತೆಂದು ನಿಂತ ಹುಡುಗಿಯನ್ನು ಹಿಡಿದು, ಬೆಕ್ಕಿಗೆ ಎಷ್ಟು ಹಲ್ಲು ಹೇಳು, ಹೇಳಿದ ಮೇಲೆ ಹಿಂದಕ್ಕೆ ಬೇಕಾದರೂ ಹೋಗು ಮುಂದಕ್ಕೆ ಬೇಕಾದರೂ ಹೋಗು ಎಂದವರು. ಅಂಥವರ ಬಾಯಿ ಅವರ ಹಿಡಿತಕ್ಕೇ ಸಿಗದೆ ಹೋಯಿತು.

ಶುರುವಾದದ್ದು ಹೊಟ್ಟೆಯಿಂದ. ಸ್ಕೂಲಿನ ಬೆಲ್ಲು ಇಲ್ಲದ ಮೇಲೆ ಅವರ ಹೊಟ್ಟೆಗೆ ಹಸಿವಾಗುವುದೇ ಮರೆತುಹೋಯಿತು. ಎರಡು ತುತ್ತು ಉಂಡರೆ ಉಬ್ಬರ, ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸು. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರೊಬ್ಬರು ಸಣ್ಣದೊಂದು ಬಿಳಿ ಮಾತ್ರೆ ಬರೆದುಕೊಟ್ಟು, ದಿನಕ್ಕೆ ಮೂರರಂತೆ ಹತ್ತು ದಿನ ತೆಗೆದುಕೊಳ್ಳಿ ಎಂದಿದ್ದರು. ಹತ್ತು ದಿನದಲ್ಲಿ ಹೊಟ್ಟೆ ಸರಿಹೋಯಿತು. ಹನ್ನೊಂದನೇ ದಿನ ಡಾಕ್ಟರಿಗೆ ವರ್ಗವಾಯಿತು. ಮಾತ್ರೆ ನಿಲ್ಲಿಸಿ ಎಂದು ಹೇಳುವವರು ಇರಲಿಲ್ಲ, ಶ್ರೀರಂಗಮ್ಮನವರಿಗೆ ನಿಲ್ಲಿಸುವ ಮನಸ್ಸೂ ಇರಲಿಲ್ಲ. ಅವರು ಮೆಟ್ಟಿಲು ಹತ್ತುವುದನ್ನು ಕಂಡರೇ ಸಾಕು, ಔಷಧಿ ಅಂಗಡಿಯ ಪರಮಶಿವಯ್ಯ ಚೀಟಿ ಕೇಳದೆ ಮಾತ್ರೆಯ ಹಾಳೆಯನ್ನು ತೆಗೆದಿಡುತ್ತಿದ್ದ. ಹೀಗೆ ಹತ್ತು ದಿನದ ಔಷಧಿ ಒಂದೂವರೆ ವರ್ಷ ನಡೆಯಿತು.

ತೊಂಬತ್ತೇಳರ ಗಣೇಶನ ಹಬ್ಬದ ಸುಮಾರಿಗೆ ಅವರ ನಾಲಿಗೆ ಬಾಯೊಳಗೇ ಹೊರಳಾಡತೊಡಗಿತು. ಆಮೇಲೆ ತುಟಿ ತಾನಾಗಿ ಮುಂದಕ್ಕೆ ಬಂದು ಹಿಂದಕ್ಕೆ ಹೋಗುವುದು, ದವಡೆ ಏನನ್ನೋ ಅಗಿದಂತೆ ಆಡುವುದು. ಕೊನೆಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ಬಿಟ್ಟುಕೊಳ್ಳುವಾಗ ಸ್ಪಷ್ಟವಾಗಿ 'ಲೊಚ್' ಎಂದು ಒಂದು ಶಬ್ದ.

ಅದನ್ನು ಮೊದಲು ಕೇಳಿದವರು ಅವರ ಯಜಮಾನರು ತಿರುನಾರಾಯಣ. ಅವರು ನಿವೃತ್ತ ಪೋಸ್ಟ್ ಮಾಸ್ಟರು. ಹೆಂಡತಿಯ ಹೊಟ್ಟೆ ಕೆಟ್ಟಾಗಿನಿಂದ ಸಾರು ಮಾಡುವುದನ್ನು ಕಲಿತು, ಅದರ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಬೆಳೆಸಿಕೊಂಡಿದ್ದರು. ಮೊದಲ ತುತ್ತಿಗೇ ಹೆಂಡತಿ ಲೊಚಗುಟ್ಟಿದ್ದು ಕೇಳಿ ಮಾರನೆಯ ದಿನ ಹುಣಿಸೆಹಣ್ಣು ಕಡಿಮೆ ಮಾಡಿದರು. ಅದರ ಮಾರನೆಯ ದಿನ ಮೆಣಸು ಹೆಚ್ಚಿಸಿದರು. ನಾಲ್ಕನೆಯ ದಿನ ತಟ್ಟೆಯ ಮುಂದೆ ನಿಂತು, ನಿನಗೆ ಏನು ಬೇಕೋ ಬಾಯಿಬಿಟ್ಟು ಹೇಳಿಬಿಡು, ಹೀಗೆ ಮರುಕಪಡಬೇಡ ಎಂದರು. ತಾನು ಮಾಡುತ್ತಿಲ್ಲ, ಅದೇ ಆಗುತ್ತಿದೆ ಎಂದು ಶ್ರೀರಂಗಮ್ಮ ಹೇಳಿದರು. ಹೇಳಿ ಮುಗಿಸಿದ ಕೂಡಲೇ ಲೊಚ್ ಎಂದಿತು.

ಬೀದಿಯವರಿಗೆ ಇದು ಬೇರೆ ಬೇರೆ ಥರ ಕಂಡಿತು. ದೇವಸ್ಥಾನದ ಗಂಗಯ್ಯ, ಮೇಡಂ ಈ ವಯಸ್ಸಿನಲ್ಲಿ ಹೊಗೆಸೊಪ್ಪು ಹಾಕಲು ಕಲಿತಿದ್ದಾರೆ ಎಂದು ನಂಬಿದ. ಎದುರುಮನೆಯ ಲಕ್ಷ್ಮಿದೇವಮ್ಮ ಹೊಸ ಸೀರೆ ತೋರಿಸಲು ಬಂದವರು ಲೊಚಗುಟ್ಟಿಸಿಕೊಂಡು, ಸೀರೆ ಮಡಚಿಕೊಂಡು ಹೋಗಿ ಒಂದು ವಾರ ಮಾತು ಬಿಟ್ಟರು. ಶ್ರೀರಂಗಮ್ಮ ಬಾಯಿಗೆ ಸೆರಗು ಹಿಡಿದು ಓಡಾಡಲು ಶುರುಮಾಡಿದರು. ಲವಂಗ ಇಟ್ಟುಕೊಂಡು ನೋಡಿದರು, ಕಲ್ಲುಸಕ್ಕರೆ ಇಟ್ಟುಕೊಂಡು ನೋಡಿದರು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಚೂಪಾಗಿದ್ದ ಒಂದು ದವಡೆಹಲ್ಲನ್ನು ಉಜ್ಜಿಸಿಕೊಂಡೂ ಬಂದರು. ಏನೂ ಆಗಲಿಲ್ಲ. ಕನ್ನಡಿಯ ಮುಂದೆ ನಿಂತು, ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗಿಯನ್ನು ನೋಡುವ ಹಾಗೆ ತಮ್ಮ ಬಾಯನ್ನೇ ದಿಟ್ಟಿಸಿ ನೋಡುತ್ತಿದ್ದರು. ಒಂದು ಕಾಲದಲ್ಲಿ ಅವರ ಆ ನೋಟಕ್ಕೆ ಅರವತ್ತು ಹುಡುಗಿಯರು ತೆಪ್ಪಗಾಗುತ್ತಿದ್ದರು, ಈ ಒಂದು ಬಾಯಿ ಆಗಲಿಲ್ಲ. ಚಿಂತೆಗೆ ಹೊಟ್ಟೆ ಮತ್ತೆ ಕೆಟ್ಟಿತು. ದಿನಕ್ಕೆ ಮೂರಿದ್ದ ಮಾತ್ರೆಯನ್ನು ನಾಲ್ಕು ಮಾಡಿಕೊಂಡರು.

ಆ ನವೆಂಬರಿನಲ್ಲಿ ಲಕ್ಷ್ಮಿದೇವಮ್ಮ ಕೋಪ ಮರೆತು ಮತ್ತೆ ಬಂದರು. ಅವರ ಮಗ ಪ್ರದ್ಯುಮ್ನ ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಬರೆದಿದ್ದ. ಜಗಲಿಯ ಮೇಲೆ ಕೂತು, ಈ ಸಲ ನಮ್ಮ ಹುಡುಗ ಪಾಸಾಗುತ್ತಾನೆ ಅಂತ ನನ್ನ ಮನಸ್ಸು ಹೇಳುತ್ತಿದೆ ಎಂದರು. ಶ್ರೀರಂಗಮ್ಮ ಪ್ರದ್ಯುಮ್ನನ ಗಣಿತವನ್ನು ಹತ್ತಿರದಿಂದ ಬಲ್ಲವರು. ಏನು ಹೇಳಿದರೆ ತಾಯಿಯ ಮನಸ್ಸಿಗೆ ನೋವಾಗುವುದಿಲ್ಲ ಎಂದು ಯೋಚಿಸುತ್ತಿರುವಾಗ ಬಾಯಿ ಲೊಚ್ ಎಂದಿತು. ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಂಡು ಎದ್ದುಹೋದರು. ವಾರದ ಮೇಲೆ ಫಲಿತಾಂಶ ಬಂತು. ಹುಡುಗ ಪಾಸಾಗಿದ್ದ, ಸರಿಯಾಗಿ ಮೂವತ್ತೈದು ನಂಬರು.

ಆ ಸಾಯಂಕಾಲ ಲಕ್ಷ್ಮಿದೇವಮ್ಮ ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಲೆಕ್ಕಾಚಾರ ಹಾಕಿದರು. ನಾವು ಒಂದು ಮಾತಾಡುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಅದು ಸತ್ಯ ಎಂದು ನೆಲ ತಟ್ಟಿ ಕೃಷ್ಣ ಕೃಷ್ಣ ಅನ್ನುವುದಿಲ್ಲವೇ? ಮೇಡಂ ಅವರು ಲೊಚಗುಟ್ಟಿದ್ದು ಮರುಕಕ್ಕಲ್ಲ, ಅದು ನಿಜವಾಗುತ್ತದೆ ಅಂತ. ಹಾಲಿನ ಪಾಪಯ್ಯ ಇದನ್ನು ಕೇಳಿ ಮಾರನೆಯ ಬೆಳಿಗ್ಗೆ ಹಾಲು ಅಳೆಯುತ್ತ, ನಮ್ಮ ಎಮ್ಮೆ ಈ ಸಲ ಹೆಣ್ಗರು ಹಾಕುತ್ತೆ ಎಂದು ಶ್ರೀರಂಗಮ್ಮನವರ ಮುಂದೆ ಹೇಳಿ ಕಾದು ನಿಂತ. ಲೊಚ್ ಎಂದಿತು. ಎಮ್ಮೆ ಹೆಣ್ಗರುವನ್ನೇ ಹಾಕಿತು. ಅಲ್ಲಿಗೆ ಊರಿನ ಅನುಮಾನ ಮುಗಿಯಿತು.

ಜನ ಬರತೊಡಗಿದರು. ಮೊದಮೊದಲು ಬೀದಿಯವರು, ಆಮೇಲೆ ಪೇಟೆಯವರು, ಆಮೇಲೆ ಬಸ್ಸಿನಲ್ಲಿ ಬರುವವರು. ಜಗಲಿಯ ಮೇಲೆ ಕೂತು ತಮ್ಮ ಆಸೆಯನ್ನು ಒಂದು ವಾಕ್ಯದಲ್ಲಿ ಹೇಳಿ, ಶ್ರೀರಂಗಮ್ಮನವರ ಬಾಯನ್ನೇ ನೋಡುತ್ತಿದ್ದರು. ಲೊಚ್ ಎಂದರೆ ನೆಲ ತಟ್ಟಿ ಕೈ ಮುಗಿಯುತ್ತಿದ್ದರು. ಹಾಗೆ ನೋಡಿದರೆ ನಿಮಿಷಕ್ಕೆ ನಾಲ್ಕೈದು ಸಲ ಆಗುತ್ತಿದ್ದ ಶಬ್ದ ಯಾರಿಗೂ ತಪ್ಪುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಸಂತೋಷವಾಗಿಯೇ ಹೋಗುತ್ತಿದ್ದರು. ಶ್ರೀರಂಗಮ್ಮ ಒಳಗೆ ಹೋಗಿ ಕೂತರೆ ಕಿಟಕಿಯ ಹತ್ತಿರ ನಿಂತು ಹೇಳುತ್ತಿದ್ದರು.

ತಿರುನಾರಾಯಣ ಅವರಿಗೆ ಮಾತ್ರ ಇದರಿಂದ ಹೊಸ ಹುರುಪು ಬಂದಿತ್ತು. ಪೋಸ್ಟಾಫೀಸಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತವರಿಗೆ ಎದುರಿಗೆ ಸಾಲು ಇಲ್ಲದೆ ಬೇಜಾರಾಗಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಭೇಟಿ ನಾಲ್ಕರಿಂದ ಆರು ಎಂದು ಹೇಳಿ, ತಾವೇ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡರು. ಶ್ರೀರಂಗಮ್ಮ ಕೋಪದಿಂದ ಒಂದು ವಾರ ಬಂದವರ ಮಾತನ್ನೆಲ್ಲ ಬರೆದಿಟ್ಟು, ನಿಜವಾದದ್ದೆಷ್ಟು ಸುಳ್ಳಾದದ್ದೆಷ್ಟು ಎಂದು ವಿಚಾರಿಸಿದರು. ನಲವತ್ತೊಂದರಲ್ಲಿ ಹತ್ತೊಂಬತ್ತು ನಿಜವಾಗಿತ್ತು, ಇಪ್ಪತ್ತೆರಡು ಸುಳ್ಳು. ನಾಣ್ಯ ಚಿಮ್ಮಿದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತದೆ ಎಂದು ಹಾಳೆಯನ್ನು ಯಜಮಾನರ ಮುಂದೆ ಹಿಡಿದರು. ತಿರುನಾರಾಯಣ ಕನ್ನಡಕ ಏರಿಸಿಕೊಂಡು ನೋಡಿ, "ಹತ್ತೊಂಬತ್ತಾ? ಅಷ್ಟೊಂದು ನಿಜವಾಯ್ತೇ?" ಎಂದರು.

ಅವರೊಂದಿಗೆ ವಾದ ಮಾಡುವುದನ್ನು ಶ್ರೀರಂಗಮ್ಮ ಅಂದಿಗೆ ಬಿಟ್ಟರು. ಒಳಗೆ ಅವರಿಗೆ ನಗುವಂಥದ್ದೇನೂ ಇರಲಿಲ್ಲ. ನಿದ್ದೆಯಲ್ಲಿ ಬಾಯಿ ಸುಮ್ಮನಿರುತ್ತದೆ ಎಂದು ಯಜಮಾನರು ಹೇಳಿದ್ದರು. ಹಾಗಾದರೆ ಎಚ್ಚರದಲ್ಲಿ ಆಗುತ್ತಿರುವುದು ತನ್ನ ಮನಸ್ಸಿನ ದೌರ್ಬಲ್ಯವೇ ಇರಬೇಕು, ಬುದ್ಧಿ ಸಡಿಲವಾಗುತ್ತಿದೆ, ಇದು ಅದರ ಮೊದಲ ಪಾಠ ಎಂದು ಹೆದರಿದ್ದರು. ಆ ಹೆದರಿಕೆಯಿಂದಲೇ ಹಲ್ಲಿನವರನ್ನು ಬಿಟ್ಟು ಬೇರೆ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಊರಿನವರೆಲ್ಲ ಬಾಯಿ ನೋಡಲು ಬರುತ್ತಿದ್ದರು, ಬಾಯಿಗೆ ಏನಾಗಿದೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಲ್ಲಿಪಟ್ಟಣದಿಂದ ಪುಟ್ಟರಾಜು ಎಂಬ ರೈತ ಬಂದ. ಐವತ್ತು ದಾಟಿದ ದೊಡ್ಡ ಆಳು. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಹೆಗಲ ಮೇಲೆ ರಸಬಾಳೆಯ ಗೊನೆ ಹೊತ್ತುಕೊಂಡೇ ಬಂದಿದ್ದ. ಅವನ ಮಗಳು ಧನ್ಯಾ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಅವಳಿಗೆ ಒಂದೇ ವಾರದಲ್ಲಿ ಎರಡು ಗಂಡು ಬಂದಿದ್ದವು, ಅರಕಲಗೂಡಿನದೊಂದು, ಚನ್ನರಾಯಪಟ್ಟಣದ್ದೊಂದು. ಎರಡೂ ಮನೆಯವರು ಒಳ್ಳೆಯವರು, ಎರಡೂ ಕಡೆ ತೋಟವಿತ್ತು. ಯಾವುದನ್ನು ಒಪ್ಪಿಕೊಳ್ಳುವುದು ಎಂದು ಗೊತ್ತಾಗದೆ ಪುಟ್ಟರಾಜು ಊಟ ಬಿಟ್ಟಿದ್ದ. ಇದನ್ನೆಲ್ಲ ತಿರುನಾರಾಯಣ ಅವರಿಗೆ ಬಾಗಿಲಲ್ಲೇ ಹೇಳಿ, ಸಾಲಿನಲ್ಲಿ ಕೂತು, ಸರದಿ ಬಂದಾಗ ಜಗಲಿ ಹತ್ತಿದ.

ಆದರೆ ಅವನು ಬಾಯಿ ತೆರೆಯಲಿಲ್ಲ. ಶ್ರೀರಂಗಮ್ಮನವರ ಬಾಯನ್ನೇ ಬಹಳ ಹೊತ್ತು ನೋಡಿದ. ಎಡಕ್ಕೆ ಬಗ್ಗಿ ನೋಡಿದ, ಬಲಕ್ಕೆ ಬಗ್ಗಿ ನೋಡಿದ, ಹಸುವಿನ ಹಲ್ಲು ನೋಡುವವನ ಹಾಗೆ. ಶ್ರೀರಂಗಮ್ಮ ಸೆರಗು ಎಳೆದುಕೊಂಡರು.

"ಅಮ್ಮಾವ್ರೇ, ತೆಪ್ಪು ತಿಳ್ಕಾಬ್ಯಾಡಿ," ಎಂದ ಪುಟ್ಟರಾಜು, ದನಿ ತಗ್ಗಿಸಿ. "ನೀವು ಒಟ್ಟೆ ತೊಳ್ಸೋದ್ಕೆ ಏನಾರ ಗುಳಿಗೆ ತಗತ್ತಾ ಇದ್ದೀರಾ?"

ಶ್ರೀರಂಗಮ್ಮ ಉತ್ತರ ಹೇಳುವ ಮುಂಚೆ ಬಾಯಿ ಲೊಚ್ ಎಂದಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ನೆಲ ತಟ್ಟಿ ಕೃಷ್ಣ ಕೃಷ್ಣ ಎಂದಳು.

"ನಾ ಅಂದ್ಕಂಡೆ ಕಣಮ್ಮಾ. ನಮ್ಮವ್ವಂಗೂ ಇಂಗೇಯ ಆಗಿತ್ತು, ದೊಡ್ಡಮ್ಮ ಅಂತ ಅವ್ಳ ಹೆಸ್ರು. ಮೂರು ವರ್ಸ ನುಂಗವ್ಳೆ. ಎಮ್ಮೆ ಮೆಲುಕಾಕ್ದಂಗೆ ಬಾಯಾಡೋದು, ನಾಲ್ಗೆ ಈಚೆಗ್ ಬರೋದು. ನಾವೂ ದ್ಯಾವ್ರು ಬಂದೈತೆ ಅಂದ್ಕಂಡು ಮೂರು ಮಂಗ್ಳಾರ ಮಾರಮ್ಮನ ಗುಡಿ ಸುತ್ತಾಕ್ಸುದ್ವಿ. ಕೊನೀಗೆ ಆಸನದಲ್ಲಿ ಕೇದಾರ್ ಅಂತ ಒಬ್ರು ಡಾಕ್ಟ್ರು, ಏನೇನು ನುಂಗ್ತಾಳೋ ಎಲ್ಲಾನೂ ತಕಬನ್ನಿ ಅಂದ್ರು. ಒಂದೊಂದೇ ನೋಡುದ್ರು. ಇದೇ ಕಳ್ಳ ಅಂತ ಒಂದ ತಗ್ದು ಅತ್ಲಾಗ್ ಮಡುಗುದ್ರು."

ಶ್ರೀರಂಗಮ್ಮನವರು ಎದ್ದು ಒಳಗೆ ಹೋಗಿ ಮಾತ್ರೆಯ ಹಾಳೆ ತಂದು ಅವನ ಕೈಗೆ ಕೊಟ್ಟರು. ಪುಟ್ಟರಾಜುವಿಗೆ ಅದರ ಮೇಲಿನ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಆದರೆ ಹಾಳೆಯ ಬಣ್ಣ, ಮಾತ್ರೆಯ ಗಾತ್ರ, ನಡುವಿನ ಗೆರೆ ಎಲ್ಲ ನೆನಪಿತ್ತು. ತಿರುಗಿಸಿ ನೋಡಿ, ಇದೇಯ ಎಂದ.

ತೊಗಟೆ, ಬೇರು, ನರ, ಮೆದುಳು ಎಂದು ಒಂದೊಂದನ್ನೂ ಚಿತ್ರ ಬರೆಸಿ, ಹೆಸರು ಬರೆಸಿ ಪಾಠ ಮಾಡಿದ ಶ್ರೀರಂಗಮ್ಮನವರಿಗೆ ಹೊಳೆಯದೆ ಹೋದದ್ದು, ಕಣಿ ಕೇಳಲು ಬಂದ ಮನುಷ್ಯನಿಗೆ ಹೊಳೆದಿತ್ತು. ನಾಚಿಕೆಯಾಯಿತು. ಅದರ ಹಿಂದೆಯೇ, ಬುದ್ಧಿಗೆ ಏನೂ ಆಗಿಲ್ಲ ಎಂಬ ಸಮಾಧಾನ ಎಷ್ಟು ದೊಡ್ಡದಾಗಿ ಬಂತೆಂದರೆ ಕಣ್ಣು ತುಂಬಿಕೊಂಡಿತು. ಡಾಕ್ಟರ ವಿಳಾಸ ಬರೆದುಕೊಂಡರು.

ಪುಟ್ಟರಾಜು ಏಳಲಿಲ್ಲ. ಅದಿರಲಿ, ನಮ್ಮ ವಿಷಯ ಏನು ಹೇಳುತ್ತೀರಿ ಎಂದು ಕೇಳಿದ. ಇದು ಮಾತ್ರೆಯಿಂದ ಆಗುತ್ತಿರುವುದು ಎಂದು ನೀವೇ ಹೇಳಿದಿರಲ್ಲಪ್ಪ ಎಂದರು ಶ್ರೀರಂಗಮ್ಮ. ಅದೇ ಬೇರೆ, ಇದೇ ಬೇರೆ, ಬಸ್ ಚಾರ್ಜು ಕೊಟ್ಟು ಬಂದಿದೀನಿ ಎಂದ ಅವನು.

"ಮಗಳನ್ನ ಕೇಳಿದ್ರಾ?"

"ಅವ್ಳನ್ನೇನ್ ಕೇಳಾದಮ್ಮ?"

ಲೊಚ್ ಎಂದಿತು. ಅಷ್ಟು ದಿನದಲ್ಲಿ ಅಷ್ಟು ಜೋರಾಗಿ ಎಂದೂ ಬಂದಿರಲಿಲ್ಲ. ಪುಟ್ಟರಾಜುವಿನ ಮುಖ ಸಣ್ಣಗಾಯಿತು. ಕೂತಲ್ಲೇ ಒಂದಿಷ್ಟು ಹಿಂದಕ್ಕೆ ಸರಿದು, ಅಂಗಾದ್ರೆ ಕೇಳ್ತೀನಿ ಬುಡಿ ಎಂದ. ಇದು ಶಕುನವಲ್ಲ, ಬಾಯಿಯ ತೊಂದರೆ ಎಂದು ಎರಡು ತಿಂಗಳಿಂದ ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ಶ್ರೀರಂಗಮ್ಮ, ಆ ಹೊತ್ತಿನಲ್ಲಿ ಮಾತ್ರ ಏನೂ ಹೇಳದೆ ಗೊನೆಯ ಕಡೆ ನೋಡುತ್ತ ಕೂತರು.

ಎರಡು ದಿನದ ಮೇಲೆ ಗಂಡ ಹೆಂಡತಿ ಹಾಸನಕ್ಕೆ ಹೋದರು. ಕೇದಾರ್ ಮೂವತ್ತು ಮೂವತ್ತೆರಡರ ಹುಡುಗ. ನಡೆಸಿ ನೋಡಿದ, ಕೈ ಚಾಚಿಸಿ ನೋಡಿದ. ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿಸಿ ಎಂದಾಗ ಬಾಯಿ ಇನ್ನೂ ಜೋರಾಗಿ ಆಡಿತು. ನಾಲಿಗೆ ಹೊರಗೆ ಚಾಚಿ, ನಾನು ಹತ್ತು ಎಣಿಸುವವರೆಗೆ ಹಾಗೇ ಇಟ್ಟುಕೊಳ್ಳಿ ಎಂದ. ಮೂರು ಎನ್ನುವಷ್ಟರಲ್ಲಿ ನಾಲಿಗೆ ಒಳಗೆ ಓಡಿಹೋಯಿತು. ಇನ್ನೊಮ್ಮೆ ಎಂದ. ನಾಲ್ಕಕ್ಕೆ ಓಡಿತು. ಜೀವನದಲ್ಲಿ ಯಾವ ಪರೀಕ್ಷೆಯಲ್ಲೂ ಹತ್ತಕ್ಕೆ ನಾಲ್ಕು ತೆಗೆದವರಲ್ಲ ಶ್ರೀರಂಗಮ್ಮ.

ಕೇದಾರ್ ನಿಧಾನವಾಗಿ ತಿಳಿಸಿದ. ಮೆದುಳಿನಲ್ಲಿ ಕೈಕಾಲು ಬಾಯಿಗಳ ಚಲನೆಗೆ ಸುದ್ದಿ ಒಯ್ಯುವ ಒಂದು ರಸವಿದೆ. ಈ ಮಾತ್ರೆ ವಾಂತಿ ನಿಲ್ಲಿಸುವಾಗ ಆ ಸುದ್ದಿಗೂ ಅಡ್ಡ ನಿಲ್ಲುತ್ತದೆ. ತಿಂಗಳುಗಟ್ಟಲೆ ಅಡ್ಡ ನಿಂತರೆ, ಸುದ್ದಿ ಸಾಲದ ಮೆದುಳು ಕಿವಿ ಚುರುಕು ಮಾಡಿಕೊಂಡು, ಪಿಸುಮಾತನ್ನೂ ಕೂಗೆಂದು ಕೇಳಿಸಿಕೊಳ್ಳುತ್ತದೆ. ಆಗ ಬಾಯಿ ತಾನಾಗಿ ಆಡುತ್ತದೆ. ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ ಹೆಚ್ಚು. ಮನಸ್ಸಿಗೂ ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

"ಇದು ನನಗೆ ಗೊತ್ತಾಗಬೇಕಿತ್ತು," ಎಂದರು ಶ್ರೀರಂಗಮ್ಮ.

"ಡಾಕ್ಟರುಗಳಿಗೇ ಎಷ್ಟೋ ಸಲ ಹೊಳೆಯಲ್ಲ ಅಮ್ಮ. ಹೊಸ ತೊಂದರೆ ಅಂತ ಹೊಸ ಔಷಧಿ ಬರೀತೀವಿ. ಹಳೇದೇನು ತಗೋತಿದ್ದೀರಿ ಅಂತ ಕೇಳೋದು ಮರೆತುಬಿಡ್ತೀವಿ."

ನಾಲ್ಕು ವಾರದಲ್ಲಿ ಮಾತ್ರೆ ಕಡಿಮೆ ಮಾಡುತ್ತ ಬಿಡಲು ಕ್ರಮ ಬರೆದುಕೊಟ್ಟು, ಬಿಟ್ಟ ಮೇಲೆ ಕೆಲವು ದಿನ ಇದು ಜಾಸ್ತಿಯಾಗಬಹುದು, ಹೆದರಬೇಡಿ, ತಿಂಗಳುಗಳ ಮೇಲೆ ಇಳಿಯುತ್ತದೆ, ಸ್ವಲ್ಪ ಉಳಿದರೂ ಉಳಿಯಬಹುದು ಎಂದ. ಹೊಟ್ಟೆಗೆ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ. ತಿರುನಾರಾಯಣ, ಪೂರ್ತಿ ಹೋಗಿಬಿಡುತ್ತದೆಯೇ ಎಂದು ಎರಡು ಸಲ ಕೇಳಿದರು. ಯಾವ ಉತ್ತರವನ್ನು ಬಯಸಿ ಕೇಳಿದರೆಂದು ಹೆಂಡತಿಗೆ ಸಂಶಯ ಬಂತು.

ಡಾಕ್ಟರು ಹೇಳಿದ ಹಾಗೇ ಆಯಿತು. ಮಾತ್ರೆ ಪೂರ್ತಿ ನಿಂತ ವಾರ ಲೊಚ್ ಎನ್ನುವುದು ಇಮ್ಮಡಿಯಾಯಿತು. ಅಮ್ಮನವರ ಶಕ್ತಿ ಏರುತ್ತಿದೆ ಎಂಬ ಸುದ್ದಿ ಶ್ರವಣಬೆಳಗೊಳದವರೆಗೂ ಹೋಗಿ, ಅಲ್ಲಿಂದಲೂ ಇಬ್ಬರು ಬಂದರು. ಇನ್ನು ತಡೆಯಲಾರೆ ಎಂದು ಶ್ರೀರಂಗಮ್ಮ ಒಂದು ಸಾಯಂಕಾಲ ಸೀಮೆಸುಣ್ಣ ತೆಗೆದುಕೊಂಡು ಜಗಲಿಯ ಗೋಡೆಯ ಮೇಲೆ ಮೆದುಳಿನ ಚಿತ್ರ ಬರೆದು, ಬಂದವರನ್ನೆಲ್ಲ ಕೂರಿಸಿ ಮುಕ್ಕಾಲು ಗಂಟೆ ಪಾಠ ಮಾಡಿದರು. ಜನ ಕೈ ಕಟ್ಟಿ ಕೇಳಿದರು. ಯಾರಾದರೂ ಏನಾದರೂ ಕೇಳುವುದಿದೆಯೇ ಎಂದಾಗ ಲಕ್ಷ್ಮಿದೇವಮ್ಮ ಎದ್ದು ನಿಂತು, ಆ ಮಾತ್ರೆಯ ಹೆಸರೇನು ಎಂದು ಕೇಳಿದರು. ಶ್ರೀರಂಗಮ್ಮ ಸಂತೋಷದಿಂದ ಗೋಡೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದರು.

ಮಾರನೆಯ ಬೆಳಿಗ್ಗೆ ಪಾಪಯ್ಯ ಹಾಲು ಹಾಕುತ್ತ, ಪರಮಶಿವಯ್ಯನ ಅಂಗಡಿಯಲ್ಲಿ ಆ ಗುಳಿಗೆ ಖಾಲಿಯಾಗಿದೆ, ತನಗೆ ಸಿಗಲಿಲ್ಲ ಎಂದು ಬೇಸರಪಟ್ಟ. ಏಳು ಜನ ಆಗಲೇ ಕೊಂಡೊಯ್ದಿದ್ದರಂತೆ. ನುಂಗಿದರೆ ಬಾಯಿಗೆ ಶಕ್ತಿ ಬರುತ್ತದೆಂದು ಊರು ಅರ್ಥಮಾಡಿಕೊಂಡಿತ್ತು.

ಶ್ರೀರಂಗಮ್ಮ ಚಪ್ಪಲಿ ಮೆಟ್ಟಿದವರೇ ಪೇಟೆಗೆ ನಡೆದರು. ಆ ನಡಿಗೆಯನ್ನು ನೋಡಿದ ಹಳೆಯ ವಿದ್ಯಾರ್ಥಿನಿಯರು ದಾರಿಯಲ್ಲಿ ಪಕ್ಕಕ್ಕೆ ಸರಿದು ನಿಂತರು. ಪರಮಶಿವಯ್ಯ ಅಭ್ಯಾಸಬಲದಿಂದ ಖಾನೆಗೆ ಕೈ ಹಾಕಿದವನು ಅವರ ಮುಖ ನೋಡಿ ಕೈ ಹಿಂದಕ್ಕೆ ತೆಗೆದ. ಚೀಟಿ ಇಲ್ಲದೆ ಕೊಟ್ಟದ್ದು ನಿನ್ನ ತಪ್ಪು, ಕೇಳದೆ ನುಂಗಿದ್ದು ನನ್ನ ತಪ್ಪು, ನನ್ನದನ್ನು ನಾನು ತಿದ್ದಿಕೊಂಡೆ, ನಿನ್ನದೇನು ಎಂದು ಅವರು ಕೇಳಿದರು. ನಿಮ್ಮ ಮೇಲಿನ ಗೌರವದಿಂದ ಕೊಟ್ಟೆ ಮೇಡಂ ಎಂದ ಅವನು. ನಡುನಡುವೆ ಲೊಚಗುಟ್ಟುತ್ತಲೇ ಅವರು ಅವನನ್ನು ಬೈದರು. ಅವನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿರಬೇಕು. ಏಳು ಮನೆಗೂ ತಾನೇ ಸೈಕಲ್ ಮೇಲೆ ಹೋಗಿ ಮಾತ್ರೆ ವಾಪಸು ಪಡೆದ. ಆರು ಮನೆಯವರು ಕೊಟ್ಟರು. ಏಳನೆಯವನಾದ ಗಂಗಯ್ಯ ಮೂರು ನುಂಗಿಬಿಟ್ಟಿದ್ದ. ಬಾಯಿಗೇನೂ ಆಗದೆ ಎರಡು ದಿನ ತೂಕಡಿಸಿ, ಇದೆಲ್ಲ ಬರಿ ಸುಳ್ಳು ಎಂದು ಊರಿಗೆ ಸಾರಿದ. ಪಾಠದಿಂದ ಆಗದ ಕೆಲಸ ಗಂಗಯ್ಯನ ತೂಕಡಿಕೆಯಿಂದ ಆಯಿತು. ಯುಗಾದಿಯ ಹೊತ್ತಿಗೆ ಜನ ಬರುವುದು ನಿಂತಿತು.

ಬಾಯಿ ಇಳಿಯಲು ಮಾತ್ರ ಅದರದೇ ಸಮಯ ತೆಗೆದುಕೊಂಡಿತು. ಮಳೆಗಾಲದಲ್ಲಿ ಶಬ್ದ ನಿಂತಿತು, ದೀಪಾವಳಿಗೆ ದವಡೆ ನಿಂತಿತು. ದಣಿದಾಗ ತುಟಿಯ ಎಡತುದಿ ಸಣ್ಣಗೆ ಅಲುಗುವುದು ಉಳಿದುಕೊಂಡಿತು. ತಿರುನಾರಾಯಣ ಕೆಲವು ದಿನ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸುಮ್ಮನೆ ಕೂತು, ಆಮೇಲೆ ಅದನ್ನು ಒಳಗೆ ತೆಗೆದಿಟ್ಟರು.

ಮರುವರ್ಷ ಪುಟ್ಟರಾಜು ಮತ್ತೆ ಬಂದ, ಕೈಯಲ್ಲಿ ಲಗ್ನಪತ್ರಿಕೆ ಹಿಡಿದು. ಮಗಳನ್ನು ಕೇಳಿದ್ದನಂತೆ. ಮೊದಲು ಪರೀಕ್ಷೆ ಬರೆಯುತ್ತೇನೆ, ಅಷ್ಟರವರೆಗೆ ಕಾಯುವವರು ಯಾರೋ ಅವರೇ ಆಗಲಿ ಎಂದಳಂತೆ. ಅರಕಲಗೂಡಿನವರು ಕಾಯಲಿಲ್ಲ. ಚನ್ನರಾಯಪಟ್ಟಣದ ಅರುಣ್‌ಕುಮಾರ್ ಕಾದ.

ಮದುವೆಗೆ ಮಲ್ಲಿಪಟ್ಟಣಕ್ಕೆ ಹೋದಾಗ ಪುಟ್ಟರಾಜು ಶ್ರೀರಂಗಮ್ಮನವರನ್ನು ಚಪ್ಪರದ ಮೂಲೆಯಲ್ಲಿ ಕೂತಿದ್ದ ತನ್ನ ತಾಯಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೂರಿಸಿದ. ದೊಡ್ಡಮ್ಮನಿಗೆ ಎಂಬತ್ತರ ಹತ್ತಿರ. ಮಾತ್ರೆ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಅವಳ ಬಾಯಿ ಇನ್ನೂ ಅಷ್ಟಿಷ್ಟು ಮೆಲುಕು ಹಾಕುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಬಸ್ಸಿನಲ್ಲಿ ದಣಿದು ಬಂದಿದ್ದ ಶ್ರೀರಂಗಮ್ಮನವರ ತುಟಿಯೂ ಅಲುಗುತ್ತಿತ್ತು. ಇಬ್ಬರೂ ಒಬ್ಬರ ಬಾಯನ್ನು ಒಬ್ಬರು ಸ್ವಲ್ಪ ಹೊತ್ತು ನೋಡಿದರು. ಶ್ರೀರಂಗಮ್ಮನವರ ಕೈ ಅಭ್ಯಾಸದಿಂದ ಸೆರಗಿಗೆ ಹೋಯಿತು. ದೊಡ್ಡಮ್ಮ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಎಷ್ಟು ದಿನ ನುಂಗುದ್ರವ್ವಾ?"

ಶ್ರೀರಂಗಮ್ಮ ಒಂದೂವರೆ ವರ್ಷ ಎಂದರು.

"ಅಷ್ಟೇಯಾ," ಎಂದಳು ದೊಡ್ಡಮ್ಮ, ಸಣ್ಣವರನ್ನು ಸಮಾಧಾನ ಮಾಡುವ ದನಿಯಲ್ಲಿ. ಆಮೇಲೆ ಬಡಿಸುವವನನ್ನು ಕರೆದು, ಮೇಷ್ಟ್ರಮ್ಮಂಗೆ ಇನ್ನೊಂದು ಒಬ್ಬಟ್ಟು ಆಕು, ಬಾಯಿ ಎಂಗೂ ಆಡ್ತಾ ಐತೆ, ಸುಮ್ಕೆ ಯಾಕಾಡ್ಬೇಕು ಎಂದಳು. ಶ್ರೀರಂಗಮ್ಮ ಸೆರಗು ಹಿಡಿಯದೆ ನಕ್ಕರು, ಒಬ್ಬಟ್ಟನ್ನೂ ತಿಂದರು. ಹೊಟ್ಟೆ ಏನೂ ಅನ್ನಲಿಲ್ಲ.